ಮನೆ ಕಟ್ಟುವವರೂ ಮನೆ ನೋಡತಕ್ಕವರೂ

2019ನೆಯ ಇಸವಿಯ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಇನ್ನೂ ಕಟ್ಟಿ ಮುಗಿಯದಿದ್ದ ಬಹು ಅಂತಸ್ತಿನ ವಾಣಿಜ್ಯ ಕಟ್ಟಡವೊಂದು ಹಾಡಹಗಲಲ್ಲಿ ಕುಸಿದುಬಿದ್ದು 19 ಮಂದಿ ಪ್ರಾಣ ನೀಗಿದರು. ಮೇಲಣ ಅಂತಸ್ತುಗಳಲ್ಲಿ ಕೆಲಸ ನಡೆಯುತ್ತಿದ್ದಾಗಲೇ ಕೆಳಗಡೆ ಅಂಗಡಿಗಳು ತೆರೆದಿದ್ದುವು. ಗಿರಾಕಿಗಳು ಬಂದು ಹೋಗುತ್ತಿದ್ದರು. ಕಟ್ಟಡ ಮುಗಿಯುವ ಮುನ್ನವೇ ಅದರಲ್ಲಿ ವ್ಯಾಪಾರ ಹೂಡಲು ಇವರಿಗೆ ಅಪ್ಪಣೆ ಕೊಟ್ಟವರಾರು ಎಂಬ ಪ್ರಶ್ನೆ ಆ ದಿನ ಎಲ್ಲರ ಬಾಯಲ್ಲಿಯೂ ಇದ್ದಿತು. ಅದೇ ಪ್ರಶ್ನೆಯನ್ನು ಹಿಂದಿನ ದಿನ ಯಾರೂ ಕೇಳಿರಲಿಲ್ಲ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಬ್‌ಪಾಳ್ಯದಲ್ಲಿ ಅಕ್ರಮವಾಗಿ ಮೇಲೆದ್ದಿದ್ದ ಕಟ್ಟಡವು ಮಳೆಯ ನಡುವೆ ನೆಲಕ್ಕೊರಗಿ 9 ಜೀವಗಳು ಹೋದುವು. 1983ರ ಸೆಪ್ಟೆಂಬರಿನಲ್ಲಿ ಅದೇ ನಗರದ ಗಂಗಾರಾಂ ಕಟ್ಟಡ ಬಿದ್ದು ನೂರಕ್ಕೂ ಮಿಕ್ಕಿ ಜನರು ಸತ್ತುದನ್ನು ಹಿರಿಯ ವಾಚಕರು ಮರೆತಿರಲಾರರು.

ಇಂಥ ಪ್ರಸಂಗಗಳಲ್ಲಿ ‘ಪರವಾನಗಿ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಪರವಾನಗಿ ಎಂದರೇನು, ಅದನ್ನು ಕೊಟ್ಟ ಮೇಲೆ ಸರಕಾರದವರು ಮಾಡತಕ್ಕ ಕೆಲಸವೇನು ಎಂಬುದರ ಅರಿವು ನಮ್ಮಲ್ಲಿ ತೀರ ಕಡಿಮೆ. ಮನೆ ಕಟ್ಟಿಸುವ ಗೃಹಸ್ಥನು ಅದನ್ನು ಒಂದು ತೆರಿಗೆಯೆಂದೇ ತಿಳಿಯುತ್ತಾನೆ. ಕೊಡಬೇಕಾದುದನ್ನು ಕೊಟ್ಟು, ಮೊಹರು ಬಿದ್ದ ನಕ್ಷೆಯನ್ನು ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಮೇಸ್ತ್ರಿ ಹೇಳಿದಂತೆ ಕಟ್ಟಿಸುತ್ತಾನೆ. ಕಚೇರಿಯವರೂ ಹಾಗೆಯೇ ತಿಳಿದಿರುವರೆಂದು ತೋರುತ್ತದೆ.

ಈ ಕಟ್ಟುಪಾಡು ಹುಟ್ಟಿದ್ದು ಬೊಕ್ಕಸ ತುಂಬುವುದಕ್ಕಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿ ಬೆಳಕುಗಳಿಲ್ಲದ ಮನೆಗಳಲ್ಲಿ ಜನರು ಸಾಲುಸಾಲಾಗಿ ಸತ್ತರು. ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳಿಂದ ರೂಪುಗೊಂಡುದು ಆ ಭೀತಿಯ ಫಲ. 1903ರಲ್ಲಿ ಮೈಸೂರು ನಗರಕ್ಕೆ ಸುಧಾರಣಾ ಮಂಡಳಿ ಏರ್ಪಟ್ಟುದೂ ಇದೇ ಕಾಲದ ವಿವೇಕದಿಂದ. ಮನೆಯ ಸುತ್ತ ಇಷ್ಟು ತೆರಪು ಬಿಡಬೇಕು ಎಂಬ ನಿಯಮವನ್ನು ಇಂದು ಶಪಿಸುವ ನಾವು, ಆ ತೆರಪಿನಲ್ಲಿಯೇ ಗಾಳಿಯೂ ಬೆಳಕೂ ಒಮ್ಮೊಮ್ಮೆ ಬೆಂಕಿ ಆರಿಸುವವರ ಏಣಿಯೂ ಬರಬೇಕೆಂಬುದನ್ನು ಮರೆತಿದ್ದೇವೆ.

ಈಗ ಕಾನೂನಿನ ಮಾತು. ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು ಮೊದಲಾದ ಮಹಾನಗರ ಪಾಲಿಕೆಗಳಿಗೆ 1976ರ ಅಧಿನಿಯಮವೂ, ನಗರಸಭೆ ಪುರಸಭೆಗಳಿಗೆ 1964ರ ಅಧಿನಿಯಮವೂ, ಹಳ್ಳಿಗಳಿಗೆ 1993ರ ಪಂಚಾಯತಿ ಅಧಿನಿಯಮವೂ ಅನ್ವಯಿಸುತ್ತವೆ. ಬೆಂಗಳೂರು ಮಾತ್ರ 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದ ಕೆಳಗೆ ಬಂದು, 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಹಂಚಿಹೋಯಿತು. ಹಳ್ಳಿಯಲ್ಲಿ ಮನೆ ಕಟ್ಟಲು ಯಾರನ್ನೂ ಕೇಳಬೇಕಾದುದಿಲ್ಲ ಎಂಬುದು ಬಹು ಜನರ ನಂಬಿಕೆ, ಅದು ತಪ್ಪು. ಪಂಚಾಯತಿ ಅಧಿನಿಯಮದ 64ನೆಯ ಪ್ರಕರಣದಂತೆ ಗ್ರಾಮ ಪಂಚಾಯತಿಯ ಅನುಮತಿಯಿಲ್ಲದೆ ಅಲ್ಲಿಯೂ ಕಟ್ಟಡವನ್ನೆಬ್ಬಿಸುವಂತಿಲ್ಲ.

ಪಾಲಿಕೆಯ ವ್ಯಾಪ್ತಿಯಲ್ಲಿ ಈ ವ್ಯವಹಾರಕ್ಕೆ ಮೂರು ಬಾಗಿಲುಗಳಿವೆ ಎನ್ನಬಹುದು. ಮೊದಲನೆಯದು ನಕ್ಷೆಯ ಮಂಜೂರಾತಿ ಹಾಗೂ ಪರವಾನಗಿ. ಎರಡನೆಯದು ಪ್ರಾರಂಭಿಕ ಪ್ರಮಾಣಪತ್ರ: ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳು, ಪರವಾನಗಿ ಸಿಕ್ಕ ಎರಡು ವರ್ಷಗಳೊಳಗೆ ಕೆಲಸ ತೊಡಗಬೇಕೆಂದೂ, ತೊಡಗುವ ಮುನ್ನ ನೆಲದ ಮೇಲೆ ಎಳೆದ ಗುರುತುಗಳು ನಕ್ಷೆಗೆ ಸರಿಹೊಂದುತ್ತವೆಯೇ ಎಂಬುದನ್ನು ಅಧಿಕಾರಿಗಳು ಬಂದು ನೋಡಬೇಕೆಂದೂ ವಿಧಿಸಿದ್ದುವು. ಮೂರನೆಯದು ಸ್ವಾಧೀನಾನುಭವ ಪತ್ರ. ಕೆಲಸ ಮುಗಿದ ಒಂದು ತಿಂಗಳೊಳಗೆ ಮಾಲಿಕನು ಲಿಖಿತವಾಗಿ ತಿಳಿಸಬೇಕು. ಪ್ರಾಧಿಕಾರದವರು ಕಟ್ಟಡವನ್ನು ಕಣ್ಣಾರೆ ಕಂಡು ಮೂವತ್ತು ದಿನಗಳೊಳಗೆ ಒಪ್ಪಿಗೆಯನ್ನಾಗಲಿ ನಿರಾಕರಣೆಯನ್ನಾಗಲಿ ತಿಳಿಸಬೇಕು. ಸುತ್ತಣ ತೆರಪು, ನಿವೇಶನದ ಆವರಣ, ನೆಲವಿಸ್ತಾರದ ಪ್ರಮಾಣ, ಎತ್ತರ ಇವುಗಳಲ್ಲಿ ನಕ್ಷೆಯನ್ನು ಶೇ. 5ರೊಳಗೆ ಮೀರಿದ್ದರೆ, ಕೆಡಹುವುದು ಕಟ್ಟಡದ ಭದ್ರತೆಗೇ ಧಕ್ಕೆ ತರುವಂತಿದ್ದರೆ, ಆಯುಕ್ತರು ಅದನ್ನು ಮನ್ನಿಸಬಹುದೆಂದು ಆ ಉಪವಿಧಿಗಳಲ್ಲಿ ಹೇಳಿದ್ದಿತು. ಆದರೆ ನಾಲ್ಕು ಅಂತಸ್ತಿಗೆ ಅಪ್ಪಣೆ ಪಡೆದು ಆರನ್ನು ಏರಿಸುವುದು ಯಾವ ಗಣಿತದಿಂದಲೂ ನೂರಕ್ಕೆ ಐದಾಗದು!

ಮೊದಲ ಬಾಗಿಲಲ್ಲಿ ನೂಕುನುಗ್ಗಲು. ಎರಡನೆಯದು ಇದೆಯೆಂಬುದೇ ಅನೇಕರಿಗೆ ತಿಳಿಯದು. ಮೂರನೆಯದನ್ನು ದಾಟದೆಯೇ ಗೃಹಪ್ರವೇಶ ಮುಗಿದು ಹೋಗಿರುತ್ತದೆ. ಕಾಗದದ ಪರೀಕ್ಷೆಯಲ್ಲಿ ಇಷ್ಟು ಶ್ರದ್ಧೆ, ಕಟ್ಟಡದ ಪರೀಕ್ಷೆಯಲ್ಲಿ ಇಷ್ಟು ಉದಾಸೀನ ಏಕೆ? ವಾಚಕರು ಇಲ್ಲಿ ಒಂದು ಸಂಗತಿಯನ್ನು ಮನಗಾಣಬೇಕು. ಕಾಂಕ್ರೀಟಿನ ಕಟ್ಟಡದಲ್ಲಿ ನೋಡತಕ್ಕ ವಸ್ತು ನೋಡಸಿಗುವುದು ಸ್ವಲ್ಪ ಕಾಲ ಮಾತ್ರ. ಪಾಯದ ಗುಂಡಿ ಗಟ್ಟಿ ನೆಲವನ್ನು ಮುಟ್ಟಿದೆಯೇ ಎಂಬುದು ಅದನ್ನು ಮುಚ್ಚುವವರೆಗೆ ಕಾಣುತ್ತದೆ. ಕಂಬದ ಸರಳುಗಳೆಷ್ಟು, ಅವುಗಳ ದಪ್ಪವೆಷ್ಟು, ಸುತ್ತಿದ ಉಂಗುರಗಳ ನಡುವಣ ಅಂತರವೆಷ್ಟು ಎಂಬುದು ಕಾಂಕ್ರೀಟು ಸುರಿಯುವವರೆಗೆ ಕಾಣುತ್ತದೆ. ಆ ಗಳಿಗೆ ಕಳೆದರೆ ಒಳಗೆ ಏನಿದೆಯೆಂಬುದು ಕಟ್ಟಿದವನಿಗೂ ದೇವರಿಗೂ ಮಾತ್ರ ಗೊತ್ತು. ಗಾರೆ ಬಳಿದು ಬಣ್ಣ ಹಚ್ಚಿದ ಮೇಲೆ ಬಂದು ಅಡಿಗೋಲಿನಿಂದ ಅಳೆಯುವ ಇಂಜಿನಿಯರನು ತೆರಪನ್ನು ಅಳೆಯಬಲ್ಲನೇ ಹೊರತು ಬಲವನ್ನು ಅಳೆಯಲಾರನು.

ಭಾರತೀಯ ಮಾನಕ 456, 2000ನೆಯ ಇಸವಿಯ ಆವೃತ್ತಿಯಲ್ಲಿ, ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡುತ್ತದೆ. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು. ನಾಲ್ಕೂವರೆ ಮೀಟರಿನೊಳಗಿನ ತಾರಸಿಯ ಕೆಳಗಿನ ಆಧಾರದ ಕಂಬಗಳನ್ನು ಏಳು ದಿನ, ಅದಕ್ಕೂ ಅಗಲವಾದ ತಾರಸಿಯ ಕೆಳಗಿನವನ್ನು ಹದಿನಾಲ್ಕು ದಿನ, ಆರು ಮೀಟರಿಗೂ ಉದ್ದವಾದ ತೊಲೆಯ ಕೆಳಗಿನವನ್ನು ಇಪ್ಪತ್ತೊಂದು ದಿನ ತೆಗೆಯಕೂಡದು. ಕಾಂಕ್ರೀಟಿನ ಘನಗಳನ್ನು ಎರೆದಿಟ್ಟು ಇಪ್ಪತ್ತೆಂಟನೆಯ ದಿನ ಒತ್ತಿ ಅದರ ಬಲವನ್ನು ತಿಳಿಯುತ್ತಾರೆ. ಸೆಂಟ್ರಿಂಗ್ ಹಲಗೆಗಳ ಬಾಡಿಗೆ ಏರುತ್ತದೆಂದು ಅವಧಿಗೆ ಮುನ್ನ ಕಳಚುವ ಗುತ್ತಿಗೆದಾರನು ಉಳಿಸುವುದು ಕೆಲವು ಸಾವಿರ ರೂಪಾಯಿ. ಅದರ ಕೆಳಗೆ ಮಲಗುವವರು ಬಹುಶಃ ಗಾರೆ ಹೊತ್ತ ಕೂಲಿಕಾರರೇ. ಕಟ್ಟುತ್ತಿರುವ ಕಟ್ಟಡಗಳು ಬಿದ್ದಾಗ ಸಾಯುವವರಲ್ಲಿ ಹೆಚ್ಚಿನವರು ಇವರೇ ಆಗಿರುವುದು ಆಕಸ್ಮಿಕವಲ್ಲ. ನಕ್ಷೆಯನ್ನು ಇವರಾರೂ ಕಂಡವರಲ್ಲ.

ಅಕ್ರಮವನ್ನು ಸಕ್ರಮಗೊಳಿಸುವ ಯೋಜನೆಯ ಕಥೆ ಎಲ್ಲರಿಗೂ ತಿಳಿದದ್ದು. ರಾಜ್ಯದ ಉಚ್ಚ ನ್ಯಾಯಾಲಯವು 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿ ಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ದಂಡ ತೆತ್ತರೆ ತೆರಪಿನ ಅಳತೆಯಲ್ಲಿ ಆದ ಉಲ್ಲಂಘನೆ ಮನ್ನವಾಗಬಹುದು. ದುರ್ಬಲವಾದ ಕಂಬ ದಂಡದಿಂದ ಬಲಗೊಳ್ಳುವುದುಂಟೇ?

2024ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಮೀರತ್ ನಗರದ ಒಂದು ಮೊಕದ್ದಮೆಯಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ಕಟ್ಟುನಿಟ್ಟಾದ ನಿರ್ದೇಶನಗಳನ್ನು ಕೊಟ್ಟಿತು. ಮುಕ್ತಾಯದ ಅಥವಾ ಸ್ವಾಧೀನದ ಪ್ರಮಾಣಪತ್ರವಿಲ್ಲದೆ ವಿದ್ಯುತ್ತು, ನೀರು, ಒಳಚರಂಡಿಗಳ ಸಂಪರ್ಕ ಕೊಡಕೂಡದು. ಬ್ಯಾಂಕುಗಳು ಅದನ್ನು ನೋಡದೆ ಕಟ್ಟಡದ ಮೇಲೆ ಸಾಲ ಕೊಡಕೂಡದು. ಅಧಿಕಾರಿಗಳು ಕೆಲಸದ ಸ್ಥಳವನ್ನು ಕಾಲಕಾಲಕ್ಕೆ ಪರೀಕ್ಷಿಸಿ ದಾಖಲಿಸಬೇಕು. ತಪ್ಪಾಗಿ ಪ್ರಮಾಣಪತ್ರ ಕೊಟ್ಟವರ ಮೇಲೆ ಇಲಾಖಾ ಕ್ರಮ ಆಗಬೇಕು. ಇವೆಲ್ಲ ಯೋಗ್ಯವೇ. ಆದರೆ ನಮ್ಮಲ್ಲಿ ಇವುಗಳಲ್ಲಿ ಮೊಟ್ಟಮೊದಲು ಕೈಗೆ ಬಂದುದು ಯಾವುದು? ವಿದ್ಯುತ್ತು! 2025ರಲ್ಲಿ ಪತ್ರವಿಲ್ಲದ ಹೊಸ ಮನೆಗಳಿಗೆ ಸಂಪರ್ಕ ನಿಂತು, ಸಾಲ ಮಾಡಿ ಪುಟ್ಟ ಮನೆ ಕಟ್ಟಿಕೊಂಡವರು ಕಚೇರಿಯಿಂದ ಕಚೇರಿಗೆ ಅಲೆದರು. ಆ ವರ್ಷವೇ ಸರಕಾರದವರು 1200 ಚದರಡಿಯವರೆಗಿನ ನಿವೇಶನಗಳಲ್ಲಿ ಕಟ್ಟಿದ ಸಣ್ಣ ವಾಸದ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯತಿ ಕೊಡಲು ನಿರ್ಧರಿಸಬೇಕಾಯಿತು.

ಬಡವನಿಗೆ ಸಿಕ್ಕ ಈ ವಿನಾಯತಿಗೆ ನಮ್ಮ ಆಕ್ಷೇಪವಿಲ್ಲ. ಮೂರು ವರ್ಷ ಕಟ್ಟುತ್ತಿರುವಾಗ ಒಂದು ದಿನವೂ ಬಾರದ ಇಲಾಖೆಯು ಕೊನೆಗೆ ದೀಪ ಆರಿಸಲು ಮಾತ್ರ ಬರುವುದು ನ್ಯಾಯವಲ್ಲ. ಆದರೆ ಪತ್ರದಿಂದ ವಿನಾಯತಿ ದೊರೆತ ಮನೆಗೆ ಸರಳಿನಿಂದ ವಿನಾಯತಿ ದೊರೆಯುವುದಿಲ್ಲ. ಸಣ್ಣ ಮನೆಗಳ ವಿಷಯದಲ್ಲಿ, ಕೊನೆಯ ಪತ್ರವನ್ನು ಬಿಟ್ಟುಕೊಟ್ಟರೂ ಪಾಯದ ಹೊತ್ತಿಗೊಮ್ಮೆ, ಪ್ರತಿ ತಾರಸಿ ಎರೆಯುವ ಮುನ್ನಾದಿನ ಒಮ್ಮೆ ಬಲ್ಲವನೊಬ್ಬನು ಬಂದು ನೋಡುವ ಏರ್ಪಾಡನ್ನು ಪಾಲಿಕೆಗಳು ಮಾಡಬೇಕು. 2024ರಲ್ಲಿ ಬೆಂಗಳೂರಿನಲ್ಲಿ ತೊಡಗಿದ ‘ನಂಬಿಕೆ ನಕ್ಷೆ’ ಯೋಜನೆಯು ಸಣ್ಣ ನಿವೇಶನಗಳ ನಕ್ಷೆಗೆ ನೋಂದಾಯಿತ ವಾಸ್ತುಶಿಲ್ಪಿ, ಇಂಜಿನಿಯರರ ಮಾತನ್ನೇ ನಂಬಿ ತಾತ್ಕಾಲಿಕ ಮಂಜೂರಾತಿ ಕೊಡುವ ಪದ್ಧತಿಯನ್ನು ತಂದಿತು. ನಕ್ಷೆಯಲ್ಲಿ ನಂಬಿದವರನ್ನು ಕೆಲಸದ ಸ್ಥಳದಲ್ಲಿಯೂ ಹೊಣೆಗಾರರನ್ನಾಗಿಸುವುದು ಸಹಜವಾದ ಮುಂದಿನ ಹೆಜ್ಜೆ: ಎರೆಯುವ ಮುನ್ನ ಸರಳುಗಳ ಚಿತ್ರ ತೆಗೆದು, ದಿನಾಂಕ ಸಹಿಗಳೊಡನೆ ಪಾಲಿಕೆಗೆ ಒಪ್ಪಿಸಲಿ, ಪಾಲಿಕೆಯು ಹತ್ತರಲ್ಲೊಂದನ್ನಾದರೂ ಮುನ್ಸೂಚನೆಯಿಲ್ಲದೆ ಹೋಗಿ ನೋಡಲಿ.

ಮನೆಯ ಯಜಮಾನನೂ ತನ್ನ ಪಾಲಿನದನ್ನು ಮಾಡಬಹುದು. ಗುತ್ತಿಗೆದಾರನಿಗೆ ಹಣದ ಕಂತುಗಳನ್ನು ಇಂಜಿನಿಯರನು ನೋಡಿ ಸಹಿ ಮಾಡಿದ ಮೇಲೆಯೇ ಕೊಡುವುದಾಗಿ ಕರಾರು ಮಾಡಿಕೊಂಡರೆ ಖರ್ಚು ಹೆಚ್ಚುವುದಿಲ್ಲ. ಸಿದ್ಧ ಮನೆಯನ್ನು ಕೊಳ್ಳುವವನು ಖಾತೆಯ ಕಾಗದವೊಂದನ್ನೇ ನೋಡಿ ಸಂತೋಷಪಡಬಾರದು. ಖಾತೆಯು ತೆರಿಗೆಯ ಲೆಕ್ಕವನ್ನು ಹೇಳುತ್ತದೆ, ಕಟ್ಟಡವು ನಕ್ಷೆಯಂತಿದೆಯೆಂದು ಹೇಳುವುದಿಲ್ಲ.

ಅದೇ ತೀರ್ಪಿನಲ್ಲಿ ಇನ್ನೊಂದು ನಿರ್ದೇಶನವಿದೆ. ಅದರ ಬಗ್ಗೆ ಯಾರೂ ಗದ್ದಲ ಮಾಡಲಿಲ್ಲ. ಕೆಲಸ ನಡೆಯುವಷ್ಟು ಕಾಲವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂಬುದು ಅದು. ಎಷ್ಟು ಅಂತಸ್ತಿಗೆ ಅಪ್ಪಣೆಯಿದೆ, ಎಷ್ಟು ಎದ್ದಿವೆ ಎಂಬುದನ್ನು ಎಣಿಸಲು ನೆರೆಮನೆಯ ಶಾಲಾ ಬಾಲಕನೇ ಸಾಕು. ಆ ಫಲಕದಲ್ಲಿಯೇ ಪರೀಕ್ಷೆಗೆ ಬಂದ ಅಧಿಕಾರಿಯ ಹೆಸರನ್ನೂ ಬಂದ ತಾರೀಖನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಬರೆಯಿಸಬೇಕೆಂದು ನಮ್ಮ ಪಾಲಿಕೆಗಳು ಆಜ್ಞೆ ಮಾಡಲಿ. ಇದಕ್ಕೆ ವಿಧಾನಮಂಡಲದಲ್ಲಿ ಹೊಸ ಮಸೂದೆ ಬೇಕಾಗಿಲ್ಲ. ಆಯುಕ್ತರ ಒಂದು ಸುತ್ತೋಲೆ ಸಾಕು.