ಅಕ್ಷರಗುಂಡಿನ ಮುಂದೆ ಒಬ್ಬ ವಿಜ್ಞಾನಿ

ಚಳ್ಳಕೆರೆಯನ್ನು ಬಿಟ್ಟು ವರವು ಕಾವಲಿನ ಕಡೆಗೆ ಸಾಗುವವರಿಗೆ ಮೊದಲು ಕುರಿಮಂದೆಗಳೂ ಅನಂತರ ಶೇಂಗಾ ಹೊಲಗಳೂ ಕಣ್ಣಿಗೆ ಬಿದ್ದು, ಅವುಗಳಾಚೆ ಒಂದು ದೀರ್ಘವಾದ ಗೋಡೆ ಎದುರಾಗುತ್ತದೆ. ಪೈಲಟ್ ಇಲ್ಲದೆ ಹಾರುವ ವಿಮಾನಗಳನ್ನು ನಮ್ಮ ದೇಶವು ಪರೀಕ್ಷಿಸಿ ನೋಡುವ ವೈಮಾನಿಕ ಪರೀಕ್ಷಾ ಕೇಂದ್ರವು ಆ ಗೋಡೆಯ ಒಳಗಿದೆ. ಅದರ ಪರಿಚಯವನ್ನು ಬರೆಯಬೇಕೆಂದು ಹೊರಟ ನಾನು, ಅಲ್ಲಿ ದುಡಿದು ನಿವೃತ್ತರಾದ ನಮ್ಮ ದೊಡ್ಡಪ್ಪನವರನ್ನು ಕಂಡು ಬಂದ ಮೇಲೆ, ರನ್‌ವೇಗಿಂತ ಅವರ ಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯೇ ನನ್ನ ಮನಸ್ಸನ್ನು ಹೆಚ್ಚಾಗಿ ತುಂಬಿತು. ತಮ್ಮ ಹೆಸರನ್ನು ಬರೆಯಕೂಡದೆಂಬುದು ಅವರ ಒಂದೇ ನಿಬಂಧನೆ.

ಈ ನೆಲಕ್ಕೂ ದಂಡಿಗೂ ಉಂಟಾದ ಸಂಬಂಧ ಇಂದು ನಿನ್ನೆಯದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಮೊದಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ರಾಸುಗಳ ಇಲಾಖೆಗೆ ಮೀಸಲಾಗಿದ್ದ ಕಾವಲುಗಳಲ್ಲಿ ಇದೂ ಸೇರಿದ್ದು, ಹೈದರನ ಫಿರಂಗಿಗಳನ್ನು ಎಳೆದ ಎತ್ತುಗಳ ತಳಿಯು ಇಂತಹ ಹುಲ್ಲನ್ನು ಮೇದು ಬೆಳೆದದ್ದು. ಈಗ ಅದರಲ್ಲಿ 4,290 ಎಕರೆ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸೇರಿದೆ. ನೆರೆಯಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ ಮತ್ತು ಇಸ್ರೋಗಳಿಗೂ ಭೂಮಿ ದೊರೆತಿದೆ. ಪರೀಕ್ಷಾ ಕೇಂದ್ರದ ವಿಧ್ಯುಕ್ತ ಉದ್ಘಾಟನೆ ನಡೆದದ್ದು 2017ರ ಮೇ 28ರಂದು. ಆದರೆ ದೊಡ್ಡಪ್ಪನವರ ಲೆಕ್ಕದಲ್ಲಿ ಅದು ನಿಜವಾಗಿ ತೆರೆದದ್ದು 2016ರ ನವೆಂಬರಿನಲ್ಲಿ, ರುಸ್ತುಂ-2 ಎಂಬ ಪೈಲಟ್ ಇಲ್ಲದ ವಿಮಾನವು ಅಲ್ಲಿಂದ ಮೊದಲ ಬಾರಿಗೆ ಮೇಲೆದ್ದ ದಿನ.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆಯನ್ನು ಅವರು ಸೇರಿದ ಕಾಲಕ್ಕೆ 'ಲಕ್ಷ್ಯ'ದ ಕೆಲಸ ಆರಂಭವಾಗಿತ್ತು. ಯೋಧರು ಗುರಿಯಿಡುವುದನ್ನು ಕಲಿಯಲೆಂದು, ತಾನೇ ಗುರಿಯಾಗಿ ಹಾರುವ ವಿಮಾನ ಅದು. ಒಡಿಶಾದ ಚಾಂದೀಪುರದ ಕಡಲತೀರದಲ್ಲಿ ಅದನ್ನು ಹಾರಿಸಿ, ಕೆಲಸ ಮುಗಿದ ಮೇಲೆ ಪ್ಯಾರಾಚೂಟಿನಿಂದ ನೀರಿಗಿಳಿಸಿ ಎತ್ತಿಕೊಳ್ಳುವರು. ಹೀಗಾಗಿ ದೊಡ್ಡಪ್ಪನವರು ವಾರಗಟ್ಟಲೆ ಮನೆಯಿಂದ ದೂರವಿರಬೇಕಾಗುತ್ತಿತ್ತು. ಕೆಲಸದ ವಿಷಯವನ್ನು ಬರೆಯುವಂತಿಲ್ಲ. ಮಕ್ಕಳಿಗೆ ಬರೆಯದೆ ಇರಲೂ ಮನಸ್ಸಿಲ್ಲ. ಆದುದರಿಂದ ಅವರು ಪ್ರತಿ ಕಾರ್ಡಿನಲ್ಲಿಯೂ ಎರಡೇ ಸಂಗತಿಗಳನ್ನು ಬರೆಯುತ್ತಿದ್ದರು: ಅಂದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ಒಂದು, ಮಗಳು ಬಿಡಿಸಬೇಕಾದ ಲೆಕ್ಕ ಇನ್ನೊಂದು.

ತಗಡಿನ ಪೆಟ್ಟಿಗೆಯಲ್ಲಿರುವುದು ಆ ಕಾರ್ಡುಗಳೇ. ಒಂದರಲ್ಲಿ ತೊಟ್ಟಿಗೆ ನೀರು ತುಂಬಿಸುವ ಎರಡು ನಲ್ಲಿಗಳ ಲೆಕ್ಕ, ಅದರ ಮೇಲೆ "ಗಾಳಿ ಇಂದೂ ಜೋರು, ಬರುವುದು ತಡ" ಎಂಬ ಒಂದು ಸಾಲು. ಅಂಚಿನಲ್ಲಿ ಪೆನ್ಸಿಲಿನಿಂದ ಮಗಳು ಮಾಡಿದ ಗುಣಾಕಾರ, ಅದರಲ್ಲಿ ಅಳಿಸಿ ತಿದ್ದಿದ ಒಂದು ಏಳು. ಗಾಳಿ ಜೋರಾದರೆ ಅಪ್ಪನ ವಿಮಾನವೇ ಏಳುವುದಿಲ್ಲವೆಂಬ ಮರ್ಮ ಆ ಮಗಳಿಗೆ ತಿಳಿದದ್ದು ಅವಳೇ ತಾಯಿಯಾದ ಮೇಲೆ. "ಇವರು ಏನು ಕೆಲಸ ಮಾಡ್ತಾರೆ ಅಂತ ಯಾರಾದರೂ ಕೇಳಿದರೆ, ಸರ್ಕಾರಿ ಕೆಲಸ ಅಂತಷ್ಟೇ ಹೇಳ್ತಿದ್ದೆ. ನನಗೂ ಅಷ್ಟೇ ಗೊತ್ತಿದ್ದದ್ದು" ಎಂದು ದೊಡ್ಡಮ್ಮ ಹೇಳುವಾಗ ಆ ಮಾತಿನಲ್ಲಿ ದೂರಿರಲಿಲ್ಲ.

ಈ ವಿಮಾನಗಳನ್ನು ಹಾರಿಸುವ ಬಗೆಯನ್ನು ಅವರು ಸಂಕ್ಷೇಪವಾಗಿ ತಿಳಿಸಿದರು. ಗಾಳಿ ಶಾಂತವಾಗಿರುವ ಮುಂಜಾನೆ ಇದಕ್ಕೆ ಪ್ರಶಸ್ತ. ನೆಲದ ಮೇಲಿನ ನಿಯಂತ್ರಣ ಕೊಠಡಿಯಲ್ಲಿ ಕುಳಿತವರಲ್ಲಿ ವಿಮಾನದ ಗತಿಯನ್ನು ನೋಡಿಕೊಳ್ಳುವವರು ಬೇರೆ, ಅದರ ಕ್ಯಾಮೆರಾ ತೋರಿಸುವುದನ್ನು ನೋಡುವವರು ಬೇರೆ. 2023ರ ಜೂನ್ 16ರಂದು, ತಪಸ್ ಎಂಬ ಹೆಸರನ್ನು ಪಡೆದಿದ್ದ ಅದೇ ರುಸ್ತುಂ-2, ಇಲ್ಲಿಂದ ಬೆಳಿಗ್ಗೆ 7:35ಕ್ಕೆ ಹೊರಟು, ಕಾರವಾರದಿಂದ 148 ಕಿಲೋಮೀಟರ್ ದೂರದ ಕಡಲಿನಲ್ಲಿದ್ದ ಸುಭದ್ರಾ ನೌಕೆಯವರ ವಶಕ್ಕೆ ತನ್ನ ನಿಯಂತ್ರಣವನ್ನು ಒಪ್ಪಿಸಿ, ಒಟ್ಟು ಮೂರೂವರೆ ಗಂಟೆಗಳ ಹಾರಾಟದ ತರುವಾಯ ಇಲ್ಲಿಗೇ ಮರಳಿ ಇಳಿಯಿತು. ಅದೇ ವರ್ಷದ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನವು, ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡಲ್ಪಟ್ಟು, ತಾನಾಗಿಯೇ ದಾರಿ ಹಿಡಿದು ಬಂದು ಇದೇ ರನ್‌ವೇಯ ಮೇಲೆ ನಿಂತಿತು.

ಎಲ್ಲ ದಿನಗಳೂ ಅಂತಹವಲ್ಲ. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಪರೀಕ್ಷೆಯಲ್ಲಿದ್ದ ವಿಮಾನವೊಂದು ಜೋಡಿ ಚಿಕ್ಕೇನಹಳ್ಳಿಯ ಬಳಿ ಜಮೀನಿಗೆ ಬಿತ್ತು. ಸುದ್ದಿ ಕೇಳಿದ ದೊಡ್ಡಪ್ಪನವರು ಮೊದಲು ಕೇಳಿದ್ದು, "ಅಲ್ಲಿ ಯಾರಾದರೂ ಇದ್ದರೇ?" ಎಂದು. ಯಾರಿಗೂ ಅಪಾಯವಾಗಿಲ್ಲವೆಂದು ತಿಳಿದ ಮೇಲೆ ಕೇಳಿದ್ದು, "ರೈತನ ಬೆಳೆ?" ಎಂದು. ವಿಮಾನದ ವಿಷಯ ಮೂರನೆಯದಾಗಿ ಬಂತು.

ಕಾವಲು ಗೋಡೆಯೊಳಗಾದುದರಿಂದ ಕುರಿ ಕಾಯುವವರಿಗೆ ಉಂಟಾದ ನಷ್ಟವನ್ನೂ ಅವರು ಮುಚ್ಚಿಡಲಿಲ್ಲ. ಮೇವಿನ ನೆಲಕ್ಕಾಗಿ ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೆ ಹೋದವರು. ಚಳ್ಳಕೆರೆಯ ಕಂಬಳಿಯು ಆ ಕುರಿಗಳ ಉಣ್ಣೆಯಿಂದಲೇ ಬಂದದ್ದೆಂದು ನೆನೆಯುತ್ತಾ, ತಮ್ಮ ಹೆಗಲ ಮೇಲಿದ್ದ ಕರಿಕಂಬಳಿಯನ್ನು ಅವರು ಸರಿಪಡಿಸಿಕೊಂಡರು.

2016ರ ಆ ನವೆಂಬರಿನ ಹಾರಾಟ ಮುಗಿದ ವಾರದಲ್ಲಿ ದೊಡ್ಡಮ್ಮನನ್ನು ಕರೆದುಕೊಂಡು ಅವರು ಮೊಳಕಾಲ್ಮೂರಿಗೆ ಹೋದರು. ಸೀರೆ ಕೊಳ್ಳುವ ಮುಂಚೆ ಅದನ್ನು ನೇಯುವುದನ್ನು ನೋಡಬೇಕೆಂಬುದು ಅವರ ಹಠ. ಎರಡು ಅಂಚುಗಳಿಗೆ ಎರಡು, ಒಡಲಿಗೆ ಒಂದು, ಹೀಗೆ ಮೂರು ಲಾಳಿಗಳು ಓಡುವ ಕುಣಿಮಗ್ಗದಲ್ಲಿ ಗಂಡ ನೇಯುತ್ತಿದ್ದರೆ ಹೆಂಡತಿ ಪಕ್ಕದಲ್ಲಿ ಕುಳಿತು ಅಂಚಿನ ಲಾಳಿಯನ್ನು ಹಿಡಿದು ಕೊಡುತ್ತಿದ್ದಳಂತೆ. ಬಹಳ ಹೊತ್ತು ಅದನ್ನೇ ನೋಡುತ್ತಿದ್ದ ದೊಡ್ಡಪ್ಪನವರು, "ಇಷ್ಟು ವರ್ಷ ಈ ಕಡೆಯ ಲಾಳಿ ನೀನೊಬ್ಬಳೇ ಹಿಡಿದೆ" ಎಂದರಂತೆ. ಆ ಸೀರೆಯನ್ನು ದೊಡ್ಡಮ್ಮ ನನಗೆ ತೋರಿಸಿದರು. ಈ ಮಾತನ್ನು ಹೇಳಿದವರೂ ಅವರೇ.

ಮರುದಿನ ಅದೇ ತಾಲೂಕಿನ ಬ್ರಹ್ಮಗಿರಿಗೆ ಹೋದರು. 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಅಶೋಕನ ಶಾಸನ ಅಲ್ಲಿದೆ; ಊರಿನವರು ಆ ಬಂಡೆಯನ್ನು ಅಕ್ಷರಗುಂಡು ಎನ್ನುತ್ತಿದ್ದರು, ಅದರ ಮೇಲೆ ಹೊಯ್ದ ನೀರು ರಾಸುಗಳ ರೋಗಕ್ಕೆ ಮದ್ದೆಂದು ನಂಬಿದ್ದರು. ಕಳಿಂಗದ ಯುದ್ಧವನ್ನು ಗೆದ್ದು ಪರಿತಪಿಸಿದ ಚಕ್ರವರ್ತಿ ಇಲ್ಲಿನ ಜನರಿಗೆ ಹೇಳಿಕಳುಹಿಸಿದ್ದು, ತಂದೆತಾಯಿಗಳ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ಸತ್ಯವನ್ನು ನುಡಿಯಿರಿ, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಿ ಎಂಬ ಮನೆವಾರ್ತೆಯನ್ನೇ. ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರನೆಂಬ ತನ್ನ ವೃತ್ತಿಯನ್ನು ಮಾತ್ರ ಆತ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದ. ಮನೆಯಿಂದ ಬಹುದೂರ ಬಂದು ಅರಸನ ಕೆಲಸ ಮಾಡಿದ ಆ ಮನುಷ್ಯನನ್ನು ಕುರಿತು ದೊಡ್ಡಪ್ಪನವರು ಎಷ್ಟು ಹೊತ್ತು ಮಾತನಾಡಿದರೋ, ತಮ್ಮ ಮೂರು ದಶಕಗಳ ಕೆಲಸವನ್ನು ಕುರಿತು ಅಷ್ಟು ಮಾತನಾಡಲಿಲ್ಲ.

ವಿಮಾನದ ರೆಕ್ಕೆಯ ಮೇಲೆ ಅದನ್ನು ಕಟ್ಟಿದವರ ಹೆಸರಿರುವುದಿಲ್ಲ. ಇರಬೇಕೆಂದು ಅವರು ಬಯಸಿದವರೂ ಅಲ್ಲ. ಅವರ ಬಯಕೆ ಒಂದೇ: ರಕ್ಷಣೆಯ ಗುಟ್ಟಿಗೆ ಭಂಗ ಬಾರದಂತೆ, ವರ್ಷಕ್ಕೊಂದು ದಿನವಾದರೂ ಚಳ್ಳಕೆರೆ, ಮೊಳಕಾಲ್ಮೂರುಗಳ ಶಾಲೆಯ ಮಕ್ಕಳನ್ನು, ಮೊದಲಾಗಿ ಕುರಿ ಕಾಯುವವರ ಮಕ್ಕಳನ್ನು, ಒಳಗೆ ಕರೆದು ಆ ರನ್‌ವೇಯನ್ನು ತೋರಿಸಬೇಕು. ಇದು ನಡೆಯಬಾರದ ಮಾತೇನೂ ಅಲ್ಲ. ಸಂಬಂಧಪಟ್ಟವರು ಮನಸ್ಸು ಮಾಡಲಿ.