ನಿಮ್ಮ ಹಾಲಿನ ಲೆಕ್ಕ ಸಾಗುವ ದಾರಿ



ಸಂಘಕ್ಕೆ ಹಾಲು ಹಾಕಿದ ಕೂಡಲೇ ಯಂತ್ರದಿಂದ ಚೀಟಿ ಬರುತ್ತದೆ. ಅದರಲ್ಲಿ ನಿಮ್ಮ ಸದಸ್ಯ ಸಂಖ್ಯೆ, ಲೀಟರ್, ಕೊಬ್ಬಿನಂಶ, ಎಸ್‌ಎನ್‌ಎಫ್, ದರ ಎಲ್ಲವೂ ಇರುತ್ತವೆ. ಕಂಪ್ಯೂಟರ್ ಜಾಲಕ್ಕೆ ಸೇರಿದ ಸಂಘವಾದರೆ ಇದೇ ಲೆಕ್ಕ ಇಂಟರ್‌ನೆಟ್ ಮೂಲಕ ಒಕ್ಕೂಟದ ಕಂಪ್ಯೂಟರಿಗೂ ಹೋಗುತ್ತದೆ. ಹೇಗೆ?

ಎತ್ತಿನಗಾಡಿಯ ಗಾಲಿ ನೆನಪಿಸಿಕೊಳ್ಳಿ. ನಡುವೆ ಗುಂಬ, ಸುತ್ತ ಅರೆಕಾಲುಗಳು. ಪ್ರತಿ ಅರೆಕಾಲೂ ಗುಂಬಕ್ಕೆ ಸೇರುತ್ತದೆ. ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಒಕ್ಕೂಟದ ಸರ್ವರ್ ಗುಂಬ, ಸಂಘಗಳು ಅರೆಕಾಲು. ಇದೇ 'ಹಬ್ ಅಂಡ್ ಸ್ಪೋಕ್' ಜಾಲ. ಹಳ್ಳಿಗಳ ಹಾಲು ಬಿಎಂಸಿಗೆ ಬಂದು, 4 ಡಿಗ್ರಿಗೆ ತಂಪಾಗಿ, ಟ್ಯಾಂಕರ್ ಹತ್ತುವುದೂ ಇದೇ ರೀತಿ.

ಲಾಭವೇನು?

10 ಸಂಘಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು 45 ಸಂಪರ್ಕ ಬೇಕು. ನಡುವೆ ಗುಂಬವಿದ್ದರೆ 10 ಸಾಕು. ಒಂದು ಸಂಘದ ಲೈನ್ ಕೆಟ್ಟರೆ ಉಳಿದವುಗಳ ಕೆಲಸ ನಿಲ್ಲುವುದಿಲ್ಲ. ಆದರೆ ಗುಂಬವೇ ಕೆಟ್ಟರೆ ಎಲ್ಲವೂ ನಿಲ್ಲುತ್ತದೆ. ಆದ್ದರಿಂದಲೇ ಅಲ್ಲಿ ಬದಲಿ ವಿದ್ಯುತ್ತು, ಲೆಕ್ಕದ ಇನ್ನೊಂದು ಪ್ರತಿ ಇರಬೇಕು.

ಹಸುವಿನ ಕಿವಿಯೋಲೆಯೂ ಇಂಥದೇ ಜಾಲದ ತುದಿ. ಅದರ 12 ಅಂಕಿಗಳ ಹೆಸರಿನಲ್ಲಿ ಲಸಿಕೆ, ಗರ್ಭಧಾರಣೆ, ಚಿಕಿತ್ಸೆಯ ವಿವರ 'ಭಾರತ್ ಪಶುಧನ್' ದಾಖಲೆಗೆ ಸೇರುತ್ತದೆ. ಹಸು ಬೇರೆ ಊರಿಗೆ ಮಾರಾಟವಾದರೂ ಅಲ್ಲಿನ ವೈದ್ಯರು ಅಂಕಿ ಹಾಕಿ ನೋಡಬಹುದು. ಓಲೆ ಕಿತ್ತುಹೋದರೆ ಹಸು ಎದುರಿಗಿದ್ದರೂ ಅದರ ಹಿಂದಿನ ವಿವರ ಸಿಗುವುದು ಕಷ್ಟ.

ಒಂದು ಮಾತು ಮರೆಯಬೇಡಿ. ತುದಿಯಿಂದ ಏನು ಹೋಗುತ್ತದೋ ಗುಂಬಕ್ಕೆ ಅಷ್ಟೇ ಗೊತ್ತು. 6 ಲೀಟರ್ ಬದಲು 5 ಎಂದು ದಾಖಲಾದರೆ ಅಲ್ಲೂ 5 ಎಂದೇ ಉಳಿಯುತ್ತದೆ. ಹಾಲಿನ ಹಣವೂ ಸರ್ಕಾರದ ಪ್ರೋತ್ಸಾಹಧನವೂ ಈ ಲೆಕ್ಕದ ಮೇಲೆಯೇ ನಿಂತಿವೆ. ತುದಿಯಲ್ಲಿ ನಿಂತಿರುವವರು ನೀವು. ತಪ್ಪು ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ನೀವು ಮಾಡಬೇಕಾದ್ದು:

• ಚೀಟಿಯನ್ನು ಅಲ್ಲೇ ಓದಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಬಟವಾಡೆ ಆಗುವವರೆಗೆ ಜೋಪಾನವಾಗಿಡಿ.

• ನೆಟ್ ಇಲ್ಲದ ದಿನ ಕೈಬರಹದ ಚೀಟಿ ಪಡೆಯಿರಿ. ಅದು ಕಂಪ್ಯೂಟರಿಗೆ ಏರಿತೇ ಎಂದು ಮರುದಿನ ಕೇಳಿ.

• ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆ ಯಾರದು? ಹಾಲು ಹಾಕುವವರು ನೀವಾದರೆ ಸಂದೇಶವೂ ನಿಮಗೇ ಬರಲಿ.

• ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ.

• ಕಿವಿಯೋಲೆ ಬಿದ್ದರೆ ಹಳೆಯ ಸಂಖ್ಯೆ ಹೇಳಿ ಹೊಸದು ಹಾಕಿಸಿ. ಹಸು ಕೊಂಡರೆ, ಮಾರಿದರೆ ಮಾಲೀಕರ ಹೆಸರು ಬದಲಿಸಿ.