ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆ ಸ್ಟುಡಿಯೋ ಆಗುತ್ತದೆಯೇ?

ಒಂದು ಕಂಡೆನ್ಸರ್ ಮೈಕು, ಒಂದು ಜೊತೆ ಸ್ಪೀಕರ್, ಗೋಡೆ ತುಂಬ ಮೊಟ್ಟೆ ಟ್ರೇ. ಇಷ್ಟಿದ್ದರೆ ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ ಮಾಡಬಹುದು ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಮೂಡಿಗೆರೆ, ಕಳಸದ ಕಡೆಯ ಹುಡುಗರು ಇದನ್ನು ನಂಬಿ ಕೊಂಡರೆ, ಕೂಡಿಟ್ಟ ಹಣದ ಬಹುಪಾಲು ಸದ್ಯಕ್ಕೆ ಬೇಡದ ವಸ್ತುಗಳಿಗೇ ಹೋಗುತ್ತದೆ.

ಮೊದಲು ಮೊಟ್ಟೆ ಟ್ರೇ ವಿಷಯ. ಶಬ್ದ ಗೋಡೆ ದಾಟದಂತೆ ತಡೆಯಲು ಬೇಕಾಗಿರುವುದು ತೂಕ, ಜೊತೆಗೆ ಸಂದಿಲ್ಲದ ಬಾಗಿಲು ಕಿಟಕಿ. ಟ್ರೇ ಬರೀ ಹಗುರ ಕಾಗದದ ತಿರುಳು. ಕೀರಲು ಸದ್ದಿನ ಪ್ರತಿಧ್ವನಿಯನ್ನು ಅದು ಕೊಂಚ ತಗ್ಗಿಸಬಹುದು, ಅಷ್ಟೆ. 100 ಹರ್ಟ್ಸ್ ಬೇಸ್‌ನ ಅಲೆಯ ಉದ್ದವೇ ಸುಮಾರು 3.4 ಮೀಟರ್, ಅದರ ಮುಂದೆ ಎರಡು ಇಂಚಿನ ಟ್ರೇ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಜುಲೈ ಮಳೆಯ ಸದ್ದು ಒಳಗೆ ಬರುವುದು ಹೆಂಚು, ತಗಡಿನ ಮೂಲಕ. ಗೋಡೆಗೆ ಟ್ರೇ ಹೊಡೆದು ಏನು ಮಾಡುವುದು? ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಒಣಗಿದ್ದಾಗ ಸುಲಭವಾಗಿ ಬೆಂಕಿ ಹತ್ತುತ್ತದೆ. ಪ್ರತಿಧ್ವನಿ ತಗ್ಗಿಸಲು ಮನೆಯ ದಪ್ಪ ಕಂಬಳಿ, ಹಾಸಿಗೆಗಳೇ ಇದಕ್ಕಿಂತ ಮೇಲು.

ಇನ್ನು ಮೈಕು. ಎಲೆಕ್ಟ್ರಾನಿಕ್ ಸಂಗೀತದ ಡ್ರಮ್, ಬೇಸ್, ಸಿಂಥ್ ಎಲ್ಲವೂ ಕಂಪ್ಯೂಟರಿನೊಳಗೇ ಹುಟ್ಟುತ್ತವೆ. ಹಾಡದಿದ್ದರೆ ಮೈಕು ಏಕೆ? 1982ರಲ್ಲಿ ಬಾಂಬೆಯ ಚರಣ್‌ಜಿತ್ ಸಿಂಗ್ ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿದಾಗ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು ಬೇಕಾಗಿದ್ದವು. ಇಂದು ಅಂಥ ಸದ್ದುಗಳನ್ನು ಎಲ್‌ಎಂಎಂಎಸ್‌ನಂಥ ಉಚಿತ ತಂತ್ರಾಂಶದಲ್ಲೇ ಮಾಡಬಹುದು. ಜೊತೆಗೆ 25 ಕೀಗಳ ಮಿಡಿ ಕೀಬೋರ್ಡ್ ಸಾಕು. ಸಾಮಾನ್ಯವಾಗಿ ಅದಕ್ಕೆ ಸ್ವಂತ ಸದ್ದಿರುವುದಿಲ್ಲ; ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ ಅಷ್ಟೆ. ಹಾಗಾಗಿ ದುಬಾರಿ ಕೀಬೋರ್ಡ್ ಕೊಂಡರೆ ನಾದ ಚೆನ್ನಾಗಿರುತ್ತದೆ ಎನ್ನುವುದೂ ತಪ್ಪು.

ನಮ್ಮ ಪ್ರಕಾರ ಮೊದಲ ಖರ್ಚು ವೈರ್ ಇರುವ ಒಳ್ಳೆಯ ಹೆಡ್‌ಫೋನ್‌ಗೆ. ಬ್ಲೂಟೂತ್ ಬೇಡ. ಕೀ ಒತ್ತಿದ ಮೇಲೆ ಸದ್ದು 10 ಮಿಲಿಸೆಕೆಂಡ್ ತಡವಾದರೆ ಅದು ಸ್ಪೀಕರಿನಿಂದ 3.4 ಮೀಟರ್ ದೂರ ಕೂತಂತೆ, ಹೆಚ್ಚಿನವರಿಗೆ ಗೊತ್ತೇ ಆಗದು. ಬ್ಲೂಟೂತ್‌ನಲ್ಲಿ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟುತ್ತದೆ; ತಾಳ ತಪ್ಪಿದಾಗ ನಿಮ್ಮ ಕೈಯನ್ನೇ ಬೈದುಕೊಳ್ಳುತ್ತೀರಿ. ಸ್ಪೀಕರ್ ಆಮೇಲೆ ನೋಡೋಣ. ಸಣ್ಣ ಕೋಣೆಯ ಮೂಲೆಗಳು ಬೇಸನ್ನು ಹಿಗ್ಗಿಸಿ ದಾರಿ ತಪ್ಪಿಸುತ್ತವೆ. (ಅಂಗಡಿಯವರು ಇದನ್ನು ಹೇಳುವುದು ಕಡಿಮೆ!)

ಹಾಡುವ ಆಸೆ ಇದ್ದರೆ ಆಗ ಆಡಿಯೋ ಇಂಟರ್‌ಫೇಸ್ ಬೇಕು. 192 ಕಿಲೋಹರ್ಟ್ಸ್ ಎಂಬ ಜಾಹೀರಾತಿಗೆ ಹೆಚ್ಚು ಕೊಡಬೇಡಿ. ಮನುಷ್ಯನ ಕಿವಿ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ. ಅದನ್ನು ಹಿಡಿಯಲು ಎರಡರಷ್ಟಕ್ಕಿಂತ ತುಸು ಹೆಚ್ಚು ಸಾಕು. 24 ಬಿಟ್, 48 ಕಿಲೋಹರ್ಟ್ಸ್ ಇದ್ದರೆ ಧಾರಾಳವಾಯಿತು. ಮೈಕು ಡೈನಾಮಿಕ್ ಇರಲಿ. ಕಂಡೆನ್ಸರ್ ಬಲು ಸೂಕ್ಷ್ಮ, ತೋಟದ ಜೀರುಂಡೆಯೂ ನಿಮ್ಮ ಹಾಡಿಗೆ ದನಿಗೂಡಿಸುತ್ತದೆ. ತೇವ ಹೆಚ್ಚಾದರೆ ಕೆಲವು ಕಂಡೆನ್ಸರ್‌ಗಳು ಚಟಪಟ ಎನ್ನುವುದೂ ಉಂಟು. ಈಗಾಗಲೇ ಕೊಂಡಿದ್ದರೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಕರೆಂಟು ನೆಚ್ಚಿಕೊಳ್ಳುವಂತಿಲ್ಲದ ಊರಲ್ಲಿ ಡೆಸ್ಕ್‌ಟಾಪ್‌ಗಿಂತ ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್, ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಇಂಟರ್‌ಫೇಸ್ ವಾಸಿ. ಗುಡುಗು ಕೇಳುವ ಮೊದಲೇ, ಮೋಡ ಕವಿದಾಗಲೇ ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಕೆಲಸ ಮುಂದುವರಿಸಬಹುದು.